ಟೀವಿಯ ಮಾತು, ನಡುಮನೆಯ ತೀರ್ಪು: ಹೆಣ್ಣುಮಕ್ಕಳು ಟಾಕ್ ಶೋ ನೋಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಚಾಮುಂಡಿಪುರಂ, ಕುವೆಂಪುನಗರದ ಮನೆಗಳಲ್ಲಿ, ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಸ್ತ್ರೀಶಕ್ತಿ ಸಂಘಗಳಲ್ಲಿ ಹಲವು ವರ್ಷಗಳಿಂದ ಹೆಣ್ಣುಮಕ್ಕಳ ಜತೆ ಕೂತು ಟೀವಿ ನೋಡಿದ್ದೇನೆ, ನೋಡಿದ್ದರ ಬಗ್ಗೆ ಮಾತಾಡಿದ್ದೇನೆ. ಅಲ್ಲಿ, ಫೋನಿನಲ್ಲಿ, ಕಾಗದಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

## ಮೊದಲು ಗೊತ್ತಿರಬೇಕಾದದ್ದು

"ಟಾಕ್ ಶೋ ಅಂದ್ರೆ ಯಾವ್ದು? ಸೀರಿಯಲ್ಲೂ ಅಲ್ಲ, ನ್ಯೂಸೂ ಅಲ್ಲ, ಅದಾ?"

ಹೌದು, ಅದೇ. ಅಲ್ಲಿ ಮಾತೇ ಕಾರ್ಯಕ್ರಮ. ನಡೆಸಿಕೊಡುವವರು ಒಬ್ಬರು, ಎದುರಿಗೆ ಅತಿಥಿ, ಸುತ್ತ ಒಂದಿಷ್ಟು ಪ್ರೇಕ್ಷಕರು, ಇಲ್ಲವೇ ಫೋನಿನ ಆಚೆ ತುದಿಯಲ್ಲಿ ಯಾರೋ ಒಬ್ಬರು. ನಮ್ಮಲ್ಲಿ ಇದಕ್ಕೆ ನಾಲ್ಕಾರು ವೇಷಗಳಿವೆ. ಚಂದನದಲ್ಲಿ ನಿಧಾನವಾಗಿ ಸಾಗುವ ಬೆಳಗಿನ ಸಂದರ್ಶನ ಒಂದು. ಡಾಕ್ಟರೋ ಜ್ಯೋತಿಷಿಯೋ ಕೂತು ಕರೆ ತೆಗೆದುಕೊಳ್ಳುವುದು ಇನ್ನೊಂದು. ಮನೆಜಗಳವನ್ನು ವೇದಿಕೆಗೆ ತಂದು ರಾಜಿ ಮಾಡಿಸುವುದು ಮತ್ತೊಂದು. ಜೀ ಕನ್ನಡದಲ್ಲಿ ನಟಿ ಮಾಳವಿಕಾ ಅವಿನಾಶ್ ನಡೆಸಿಕೊಡುತ್ತಿದ್ದ 'ಬದುಕು ಜಟಕಾ ಬಂಡಿ' ಆ ಜಾತಿಯದು. ಅದೇ ಚಾನೆಲ್‌ನಲ್ಲಿ 2014ರಲ್ಲಿ ಶುರುವಾದ 'ವೀಕೆಂಡ್ ವಿತ್ ರಮೇಶ್' ಸಾಧಕರನ್ನು ಕೂರಿಸಿ ಅವರ ಬದುಕನ್ನು ಹಿಂದಿನಿಂದ ಬಿಚ್ಚುತ್ತಾ ಬರುತ್ತದೆ. ರಾತ್ರಿ ಹೊತ್ತಿನ ಪ್ಯಾನೆಲ್ ಚರ್ಚೆಯನ್ನೂ ಇದೇ ಸಾಲಿಗೆ ಸೇರಿಸಬೇಕು. ಒಂದೊಂದನ್ನೂ ಹೆಣ್ಣುಮಕ್ಕಳು ಒಂದೊಂದು ರೀತಿ ನೋಡುತ್ತಾರೆ. ಎಲ್ಲವನ್ನೂ 'ಹೆಂಗಸರ ಕಾರ್ಯಕ್ರಮ' ಎಂದು ಒಂದೇ ಮೂಟೆಗೆ ಕಟ್ಟುವುದು ತಪ್ಪು.

"ಇದೆಲ್ಲ ಯಾವಾಗ ಶುರುವಾಯ್ತು?"

1967ರಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಫಿಲ್ ಡೊನಹ್ಯೂ ಎಂಬಾತ ಹಗಲು ಹೊತ್ತಿನ ಮಾತಿನ ಕಾರ್ಯಕ್ರಮ ಶುರು ಮಾಡಿದರು. ಜಾಹೀರಾತಿನ ಬಿಡುವಿನಲ್ಲಿ ಸ್ಟುಡಿಯೋದ ಪ್ರೇಕ್ಷಕರು ಒಳ್ಳೊಳ್ಳೆ ಪ್ರಶ್ನೆ ಕೇಳುತ್ತಿರುವುದನ್ನು ಗಮನಿಸಿ, ಅವರು ಮೈಕನ್ನೇ ಆ ಸಾಲುಗಳ ನಡುವೆ ಹೊತ್ತೊಯ್ದರು. ಹಗಲಲ್ಲಿ ಬಂದು ಕೂರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. 1986ರಿಂದ 2011ರವರೆಗೆ ಇಡೀ ದೇಶಕ್ಕೆ ಪ್ರಸಾರವಾದ ಓಪ್ರಾ ವಿನ್‌ಫ್ರೇ ಅವರ ಕಾರ್ಯಕ್ರಮದಲ್ಲಿ ನಡೆಸಿಕೊಡುವಾಕೆಯೇ ತನ್ನ ಬಾಲ್ಯದ ನೋವನ್ನು ಹೇಳಿಕೊಂಡರು.

ನಮ್ಮಲ್ಲಿ ದೂರದರ್ಶನ 1959ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಬೆಂಗಳೂರಿಗೆ ಕೇಂದ್ರ ಬಂದದ್ದು 1981ರಲ್ಲಿ. ಉದಯ ಟೀವಿ 1994, ಈಟೀವಿ ಕನ್ನಡ 2000, ಜೀ ಕನ್ನಡ 2006. ಮೈಸೂರಿನವರಿಗೆ ಇನ್ನೂ ಹಳೆಯ ನಂಟು ಇದೆ. 1935ರಲ್ಲಿ ಇಲ್ಲಿ 'ಆಕಾಶವಾಣಿ' ಎಂಬ ಹೆಸರಿಟ್ಟು ಖಾಸಗಿ ರೇಡಿಯೊ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಮನಸ್ಸನ್ನು ಓದಿದವರೇ ಮಾತನ್ನು ಗಾಳಿಗೆ ಬಿಡಲು ಹೊರಟದ್ದು ನನಗೆ ಇವತ್ತಿಗೂ ಖುಷಿಯ ಸಂಗತಿ.

"ಕೆಲಸ ಮಾಡ್ಕೊಂಡು ಅರ್ಧಂಬರ್ಧ ನೋಡ್ತೀವಿ. ಅದು ನೋಡಿದ ಲೆಕ್ಕಾನಾ?"

ಲೆಕ್ಕವೇ. ನಮ್ಮ ಕಡೆ ಟಾಕ್ ಶೋಗಳನ್ನು ಕಣ್ಣಿಗಿಂತ ಕಿವಿಯಲ್ಲಿ ನೋಡುತ್ತಾರೆ. ಸೀರಿಯಲ್‌ನಲ್ಲಿ ಯಾರು ಯಾರನ್ನು ದುರುಗುಟ್ಟಿ ನೋಡಿದರು ಎಂದು ತಿಳಿಯಲು ಪರದೆಯ ಮುಂದೆ ಇರಬೇಕು. ಮಾತಿನ ಕಾರ್ಯಕ್ರಮಕ್ಕೆ ಅಡುಗೆಮನೆಯ ಬಾಗಿಲು ತೆರೆದಿದ್ದರೆ ಸಾಕು.

ಮಾಗಿ ಕಾಲದಲ್ಲಿ, ಮದ್ದೂರು ಹತ್ತಿರದ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ನೆನೆಸಿದ ಅವರೆಕಾಳಿನ ಪಾತ್ರೆಯ ಸುತ್ತ ಮೂವರು ಕೂತು ಹಿತಕುತ್ತಿದ್ದರು. ಹೆಬ್ಬೆರಳು, ತೋರುಬೆರಳ ನಡುವೆ ಕಾಳು, ಪುಸಕ್ಕನೆ ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ. ಯಾರೂ ಟೀವಿ ಕಡೆ ತಲೆಯೆತ್ತಿರಲಿಲ್ಲ. ವೇದಿಕೆಯ ಹೆಂಗಸು, "ಅವತ್ತು ರಾತ್ರಿ ಮಗೂನ ಕರ್ಕೊಂಡು ಬಸ್ ಸ್ಟ್ಯಾಂಡಲ್ಲೇ ಮಲಗಿದ್ದೆ" ಅಂದಳು. ಆರು ಕೈಗಳೂ ಒಟ್ಟಿಗೆ ನಿಂತವು. ಆ ಮಾತು ಮುಗಿದು ಜಾಹೀರಾತು ಬಂದಮೇಲೆಯೇ ಮತ್ತೆ ಕಾಳಿಗೆ ಕೈ ಹೋದದ್ದು. ಅವರು ನೋಡುತ್ತಿರಲಿಲ್ಲ ಎಂದು ಯಾರು ಹೇಳಬಲ್ಲರು?

"ನಮ್ಮತ್ತೆ ಟೀವಿ ಜತೆ ಮಾತಾಡ್ತಾರೆ. ಬೈತಾರೆ ಕೂಡ. ಇದೇನು ಕಾಯಿಲೆನಾ?"

ಕಾಯಿಲೆ ಅಲ್ಲ, ಗಾಬರಿ ಬೇಡ. ನನ್ನ ಸೋದರತ್ತೆಯೂ ಹಾಗೆಯೇ. ವೇದಿಕೆಯ ಮೇಲೆ ಗಂಡನಾದವನು ಆಣೆ ಇಡುತ್ತಿದ್ದರೆ, "ಸುಳ್ ಬೊಗಳ್ತಾವ್ನೆ ಕಣವ್ವ, ಅವನ್ ಕಣ್ ನೋಡು" ಅನ್ನುತ್ತಿದ್ದರು. ಹೆಂಡತಿ ತಲೆ ತಗ್ಗಿಸಿದರೆ, "ಬಾಯ್ ಬುಡು ಮಗ, ಯಾಕ್ ಸುಮ್ಕೆ ನಿಂತ್ಕಂಡೆ" ಎಂದು ಅವಳಿಗೇ ಧೈರ್ಯ ಹೇಳುತ್ತಿದ್ದರು.

ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಪರದೆಯಲ್ಲಿರುವವರು ನಮ್ಮತ್ತ ತಿರುಗಿ ನಮ್ಮೊಡನೆಯೇ ಮಾತಾಡಿದ ಹಾಗೆ ಮಾಡಿದಾಗ, ದಿನಗಳೆದಂತೆ ಅವರು ಪರಿಚಯದವರೇ ಆಗಿಬಿಡುತ್ತಾರೆ, ಆದರೆ ಆ ಪರಿಚಯ ಒಂದೇ ಕಡೆಯದು ಎಂಬುದು ಅವರ ವಾದ. ಅದು ನಿಜವೇ. ನಾನು ಕಂಡದ್ದಕ್ಕೆ ಇನ್ನೊಂದು ಮುಖವೂ ಇದೆ. ಸೋದರತ್ತೆ ಟೀವಿಗೆ ಹೇಳಿದ್ದು ಪಕ್ಕದಲ್ಲಿ ಕೂತ ಸೊಸೆಗೂ ಕೇಳಿಸುತ್ತಿತ್ತು. 'ಯಾಕ್ ಸುಮ್ಕೆ ನಿಂತ್ಕಂಡೆ' ಎಂದು ಸೊಸೆಗೆ ಮುಖಾಮುಖಿ ಹೇಳುವುದು ಆ ಮನೆಯಲ್ಲಿ ಸಾಧ್ಯವಿರಲಿಲ್ಲ.

## ನೋಡುವಾಗ ಏನು ನಡೆಯುತ್ತದೆ

"ಬೇರೆಯವರ ಮನೆ ಜಗಳ ನೋಡೋದ್ರಲ್ಲಿ ಈ ಹೆಂಗಸರಿಗೆ ಏನ್ ಸುಖ ಅಂತೀನಿ?"

ಈ ಪ್ರಶ್ನೆ ಹೆಚ್ಚಾಗಿ ಗಂಡಸರಿಂದ ಬರುತ್ತದೆ. ಉತ್ತರ ಸ್ವಲ್ಪ ಉದ್ದ, ತಾಳ್ಮೆಯಿಂದ ಓದಿ.

ನಮ್ಮ ಹಳ್ಳಿಗಳಲ್ಲಿ ನ್ಯಾಯ ಸೇರುತ್ತಿದ್ದದ್ದು ಅರಳಿಕಟ್ಟೆಯಲ್ಲಿ. ಕಟ್ಟೆಯ ಮೇಲೆ ಯಜಮಾನರು, ಕುಲದ ಹಿರಿಯರು. ಹೆಣ್ಣಿನ ವಿಷಯವೇ ನ್ಯಾಯಕ್ಕೆ ಬಂದಿದ್ದರೂ ಅವಳು ಕೆಳಗೆ ದೂರದಲ್ಲಿ ನಿಂತಿರಬೇಕು. ಅವಳ ಮಾತನ್ನು ಅಪ್ಪನೋ ಅಣ್ಣನೋ ಆಡಬೇಕು. ಮಿಕ್ಕ ಹೆಂಗಸರು ಹಟ್ಟಿ ಬಾಗಿಲ ಸಂದಿಯಿಂದ ಕೇಳಿಸಿಕೊಂಡು, ನೀರಿಗೆ ಹೋದಾಗ ಗುಟ್ಟಾಗಿ ತಮ್ಮದೇ ತೀರ್ಪು ಹೇಳಿಕೊಳ್ಳುತ್ತಿದ್ದರು. ಆ ತೀರ್ಪಿಗೆ ಬೆಲೆ ಇರಲಿಲ್ಲ.

ಮನೆಜಗಳದ ಟಾಕ್ ಶೋ ನಡುಮನೆಗೆ ಬಂದಾಗ ಕಟ್ಟೆಯ ಮೇಲೆ ಕೂರುವ ಸರದಿ ಇವರದಾಯಿತು. ಎರಡೂ ಕಡೆಯವರು ಇವರ ಮುಂದೆಯೇ ನಿಂತು ಹೇಳಿಕೆ ಕೊಡುತ್ತಾರೆ. ಇವರು ಕೇಳುತ್ತಾರೆ, ತೂಗುತ್ತಾರೆ, ಗಟ್ಟಿಯಾಗಿ ತೀರ್ಪು ಕೊಡುತ್ತಾರೆ. ನಾನು ಸುಖ ಎನ್ನುವುದಾದರೆ ಇದನ್ನೇ. ಇನ್ನೊಬ್ಬರ ಕಣ್ಣೀರು ನೋಡಿ ಚಪ್ಪರಿಸುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಜತೆಗೆ ಕೂತ ಮನೆಗಳಲ್ಲಿ ಅವರ ಪ್ರಶ್ನೆಗಳೇ ಬೇರೆ ಇದ್ದವು.

ಅವರು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ಸ್ಟುಡಿಯೋದಲ್ಲಿ ನಡೆಯುವ ವಿಚಾರಣೆ ಪ್ರೀತಿ, ಮೋಸ, ಅನುಮಾನದ ಸುತ್ತ. ಯಾರ ಜತೆ ಮಾತಾಡಿದೆ, ಯಾಕೆ ಫೋನ್ ಮಾಡಿದೆ. ನಡುಮನೆಯ ಮೊದಲ ಪ್ರಶ್ನೆ, "ಮಗು ಯಾರತ್ರ ಐತೆ?" ಎರಡನೆಯದು, "ಒಡವೆ ಎಲ್ಲೈತೆ?" ಮೂರನೆಯದು, "ಮನೆ ಯಾರ ಹೆಸರಲ್ಲೈತೆ?" ಮೈಸೂರಿನ ಮಧ್ಯಮ ವರ್ಗದ ಮನೆಯಲ್ಲಿ ಮಾತಿನ ಧಾಟಿ ಬೇರೆ, ಪ್ರಶ್ನೆಗಳು ಅವೇ: "ಅವಳ ಸಂಬಳ ಯಾರ ಅಕೌಂಟಿಗೆ ಹೋಗುತ್ತಂತೆ ಕಣ್ರೀ?" ನಡೆಸಿಕೊಡುವವರು ಗಂಟೆಗಟ್ಟಲೆ ಕೇಳದೆ ಬಿಟ್ಟದ್ದನ್ನು ಇವರು ಮೂರು ನಿಮಿಷದಲ್ಲಿ ಹಿಡಿಯುತ್ತಾರೆ. ಬದುಕಿನ ಲೆಕ್ಕ ಇಟ್ಟವರ ಪ್ರಶ್ನೆಗಳು ಅವು.

ಆ ತೀರ್ಪು ಯಾವಾಗಲೂ ಹೆಣ್ಣಿನ ಪರವಾಗಿಯೇ ಇರುತ್ತದೆ ಎಂದುಕೊಳ್ಳಬೇಡಿ. "ಅವಳಿಗೂ ಬಾಯಿ ಜಾಸ್ತಿಯಾಯ್ತು" ಎಂಬ ಮಾತನ್ನು ಎಲ್ಲ ಮನೆಗಳಲ್ಲೂ ಕೇಳಿದ್ದೇನೆ, ಹೆಂಗಸರ ಬಾಯಿಂದಲೇ. ಅದೇ ಕೋಣೆಯಲ್ಲಿ ಕೂತ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ, "ಬಾಯಿ ಇಲ್ದೋರೆಲ್ಲ ಏನ್ ಸುಖ ಕಂಡಿದ್ದಾರೆ ಹೇಳಜ್ಜಿ" ಎಂದು ತಿರುಗಿಸಿ ಕೇಳಿದ್ದನ್ನೂ ಕೇಳಿದ್ದೇನೆ. ಆ ಅಜ್ಜಿ ಉತ್ತರ ಕೊಡಲಿಲ್ಲ. ಎಲೆಯಡಿಕೆ ಚೀಲ ಬಿಚ್ಚಿ, ಮತ್ತೆ ಕಟ್ಟಿದರು.

"ನಮ್ಮನೇಲಿ ಬಾಯ್ಬಿಟ್ಟು ಹೇಳಕ್ಕಾಗ್ದೇ ಇರೋದನ್ನ 'ಟೀವೀಲಿ ಹೇಳಿದ್ರು' ಅಂತ ಹೇಳ್ತೀನಿ. ಇದು ಸುಳ್ಳಾಡಿದ ಹಾಗಾ?"

ನೀವೊಬ್ಬರೇ ಅಲ್ಲ. ಇದು ನಮ್ಮ ಹೆಣ್ಣುಮಕ್ಕಳು ಕಂಡುಕೊಂಡ ಬಹು ಜಾಣತನದ ದಾರಿ. ನೆಂಟರ ಪೈಕಿ ಅತ್ತಿಗೆಯೊಬ್ಬರಿಗೆ ತಿಂಗಳಲ್ಲಿ ಹದಿನೈದು ದಿನ ರಕ್ತಸ್ರಾವ. ವರ್ಷವಾದರೂ ಯಾರಿಗೂ ಹೇಳಿರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ಗಂಡನ ಎದುರು, "ಮೊನ್ನೆ ಟೀವೀಲಿ ಡಾಕ್ಟ್ರು ಹೇಳ್ತಿದ್ರು, ನಲವತ್ತು ದಾಟಿದ ಮೇಲೆ ಹೀಗೆಲ್ಲ ಹೋದ್ರೆ ತೋರಿಸ್ಕೋಬೇಕಂತೆ" ಅಂದರು. 'ನನಗೆ' ಎಂಬ ಪದವೇ ಇಲ್ಲ. ಗಂಡ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿ, "ನಿಂಗೂ ಹಂಗಾಗ್ತದಾ?" ಎಂದರು. ಮಾರನೆಯ ದಿನವೇ ಆಸ್ಪತ್ರೆಗೆ ಹೋದರು.

ಟೀವಿಯಲ್ಲಿ ಆ ಡಾಕ್ಟರು ನಿಜಕ್ಕೂ ಹಾಗೆ ಹೇಳಿದ್ದರೋ ಇಲ್ಲವೋ ನಾನು ಕೇಳಲಿಲ್ಲ.

"ಸಾಧಕರ ಕಾರ್ಯಕ್ರಮ ನೋಡ್ವಾಗ ನಾನ್ಯಾಕೆ ಅಳ್ತೀನಿ? ಅವರು ಗೆದ್ದಿದ್ದಾರಲ್ಲ?"

ನೀವು ಅಳುವುದು ಕುರ್ಚಿಯಲ್ಲಿ ಕೂತವರಿಗಾಗಿಯೇ ಎಂಬುದನ್ನು ಒಮ್ಮೆ ನೋಡಿಕೊಳ್ಳಿ. ಇಂಥ ಕಾರ್ಯಕ್ರಮಕ್ಕೆ ಮನೆಯವರು, ಬಾಲ್ಯದ ಗೆಳೆಯರು, ಮೇಷ್ಟ್ರು ಎಲ್ಲ ಬರುತ್ತಾರೆ. ನಾನು ಜತೆಗೆ ಕೂತು ನೋಡಿದ ಬಹುಪಾಲು ಹೆಣ್ಣುಮಕ್ಕಳ ಕಣ್ಣು ಸಾಧಕರ ತಾಯಿಯ ಮೇಲೆ, ಹೆಂಡತಿಯ ಮೇಲೆ ಇರುತ್ತದೆ. "ಆಯಮ್ಮ ಎಷ್ಟು ದಿನ ಉಪ್ಪೆಸ್ರು ಕಾಯಿಸಿ ಹಾಕಿರ್ಬೇಕು" ಎಂದು ಒಬ್ಬರು ಅಂದರು. ಮೈಕು ಆ ತಾಯಿಯ ಕೈಗೆ ಬಂದಾಗ ಕೋಣೆ ಸ್ತಬ್ಧವಾಗುತ್ತದೆ. ಆಕೆ ಎರಡು ಮಾತಾಡಿ ಸೆರಗು ಬಾಯಿಗೆ ಒತ್ತಿಕೊಂಡರೆ ಇಲ್ಲಿಯೂ ಸೆರಗು ಬಾಯಿಗೆ.

"ಫೋನ್ ಮಾಡಿ ಮಾತಾಡೋರು ಮಂಡ್ಯದೋರಾದ್ರೆ ಆಂಕರ್ ಯಾಕೆ ನಗ್ತಾರೆ?"

ನಗಬಾರದು. ಇದು ನನಗೆ ಸಂಕಟ ತರುವ ವಿಷಯ. ಹಾಲು 'ಆಲು' ಆಗುವ, ಹೋಗು 'ಓಗು' ಆಗುವ ನಮ್ಮ ಮಾತನ್ನು ಸಿನಿಮಾ, ಟೀವಿ ಎರಡೂ ಬಹುಕಾಲ ನಗಿಸಲಿಕ್ಕೇ ಬಳಸಿವೆ. ಆದ್ದರಿಂದ ಗಂಭೀರವಾದ ಕಷ್ಟ ಹೇಳುವಾಗಲೂ ಆ ದನಿ ಕೇಳಿದೊಡನೆ ಕೆಲವರ ತುಟಿ ಅಗಲವಾಗುತ್ತದೆ.

ಒಮ್ಮೆ ಮಗಳ ಸ್ಕೂಲ್ ಬಿಡಿಸಿದ ಬಗ್ಗೆ ಒಬ್ಬಾಕೆ ಫೋನಿನಲ್ಲಿ ಚೆನ್ನಾಗಿ ಹೇಳುತ್ತಿದ್ದರು. "ಬಸ್ ತಪ್ಪೋದ್ರೆ ಮೂರ್ ಮೈಲಿ ನಡೀಬೇಕು, ದಾರೀಲಿ ಹೈಕ್ಳು ಚುಡಾಯಿಸ್ತವೆ, ಅದ್ಕೆ ಅವರಪ್ಪ ಬ್ಯಾಡ ಅಂದ್ರು." ಇಷ್ಟಾದಾಗ ಆ ಕಡೆಯಿಂದ, "ಮಂಡ್ಯದೋರಾ ನೀವು? ಎಷ್ಟು ಚೆನ್ನಾಗಿದೆ ನಿಮ್ ಭಾಷೆ!" ಎಂದು ನಗು. ಅಲ್ಲಿಂದ ಆಕೆ ಪುಸ್ತಕದ ಕನ್ನಡಕ್ಕೆ ಬದಲಾದರು: "ಹೌದು ಮೇಡಂ, ತೊಂದರೆ ಇದೆ ಮೇಡಂ, ಧನ್ಯವಾದಗಳು ಮೇಡಂ." ಮಗಳ ಕಥೆ ಅರ್ಧಕ್ಕೇ ಉಳಿಯಿತು. ಹೊಗಳಿದ್ದೇ ಆದರೂ ಬಾಯಿ ಮುಚ್ಚಿಸಿದ್ದು ಅದೇ.

"ರಾತ್ರಿ ಡಿಬೇಟ್ ಬಂದ್ರೆ ನಾವು ಎದ್ದು ಹೋಗ್ತೀವಿ. ನಮಗೆ ರಾಜಕೀಯ ತಿಳಿಯಲ್ಲ ಅಂತಾನಾ?"

ತಿಳಿಯುತ್ತದೆ. ಆರು ಜನ ಒಟ್ಟಿಗೆ ಕೂಗಿದರೆ ಕಿವಿಯಿಂದ ನೋಡುವವರಿಗೆ ಏನೂ ದಕ್ಕುವುದಿಲ್ಲ, ಅದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಗೊತ್ತಾದದ್ದು 2023ರ ನವೆಂಬರ್‌ನಲ್ಲಿ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. 1994ರ ಕಾನೂನು ನಿಷೇಧಿಸಿರುವ ಕೆಲಸ, ಅದೂ ಬೆಲ್ಲ ಕಾಯಿಸುವ ಜಾಗದಲ್ಲಿ. ಆ ವಾರ ಚರ್ಚೆಗಳಲ್ಲಿ ಕೇಳಿಬಂದದ್ದು ಡಾಕ್ಟರ ತಪ್ಪೋ, ಅಧಿಕಾರಿಗಳ ತಪ್ಪೋ, ಸರ್ಕಾರದ್ದೋ ಎಂಬುದು.

ನಾನು ಆಗ ಮಂಡ್ಯದ ಒಂದು ಮನೆಯಲ್ಲಿದ್ದೆ. ಎಂಟು ಹೆಂಗಸರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಮೆಲ್ಲಗೆ, "ಅಲ್ಲಿಗಂಟ ಅವಳ್ನ ಕರ್ಕೊಂಡೋದೋರ್ಯಾರು ಅಂತ ಯಾರೂ ಕೇಳ್ತಾ ಇಲ್ವಲ್ಲ" ಎಂದರು. ಇನ್ನೊಬ್ಬರು, "ಅತ್ತೇನೇ ಕರ್ಕೊಂಡೋಗಿರ್ತಾಳೆ" ಎಂದರು. ಮೂರನೆಯವರು ಎದ್ದು ಒಳಗೆ ಹೋದರು. ಟೀವಿಯಲ್ಲಿ ಚರ್ಚೆ ನಡೆದೇ ಇತ್ತು.

2012ರ ಮೇ 6ರಂದು ಆಮಿರ್ ಖಾನ್ ಅವರ 'ಸತ್ಯಮೇವ ಜಯತೇ' ಶುರುವಾದದ್ದೂ ಹೆಣ್ಣು ಭ್ರೂಣಹತ್ಯೆಯ ವಿಷಯದಿಂದಲೇ. ಅಲ್ಲಿ ಕೂಗಾಟ ಇರಲಿಲ್ಲ. ಗಂಡನ ಮನೆಯವರ ಬಲವಂತವನ್ನು ಅನುಭವಿಸಿದವರೇ ಕೂತು ಹೇಳಿದರು. ಡಬ್ಬಿಂಗ್ ವಿರೋಧದಿಂದಾಗಿ ಅದು ಕನ್ನಡದಲ್ಲಿ ಬರಲಿಲ್ಲ. ಹಿಂದಿ ಬಾರದ ನಮ್ಮ ಹಳ್ಳಿಯ ಹೆಂಗಸರಿಗೆ ತಲುಪಲೇಬೇಕಿದ್ದ ಮಾತು ಅದು.

## ಎಚ್ಚರ ಬೇಕಾದ ಕಡೆ

"ಡಾಕ್ಟ್ರು, ಜ್ಯೋತಿಷಿ ಲೈವಲ್ಲಿ ಹೇಳೋದನ್ನ ನಂಬ್ಬೋದಾ?"

ಡಾಕ್ಟರು 'ಇಂಥ ಲಕ್ಷಣ ಕಂಡರೆ ಪರೀಕ್ಷೆ ಮಾಡಿಸಿ' ಅಂದರೆ ಕೇಳಿ. 'ಈ ಔಷಧಿ ತರಿಸಿಕೊಳ್ಳಿ, ಪರದೆಯ ಮೇಲಿನ ನಂಬರಿಗೆ ಕರೆ ಮಾಡಿ' ಅಂದರೆ ಅದು ಸಲಹೆಯ ಬಟ್ಟೆ ತೊಟ್ಟ ಜಾಹೀರಾತು. ಮುಟ್ಟಿನ ತೊಂದರೆ, ಬಂಜೆತನ, ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ. ಜ್ಯೋತಿಷ್ಯದಲ್ಲಿ ನಂಬಿಕೆ ಇರುವುದು ನಿಮ್ಮ ಇಷ್ಟ. ಆದರೆ ನಿಮ್ಮ ಹೆಸರು, ಊರು, ಮನೆಯ ಕಷ್ಟ ಮೂರನ್ನೂ ಒಟ್ಟಿಗೆ ಲೈವಿನಲ್ಲಿ ಹೇಳಬೇಡಿ. ಪಕ್ಕದ ಬೀದಿಯವರೂ ನೋಡುತ್ತಿರುತ್ತಾರೆ.

"ಎಷ್ಟು ಹೆಂಗಸರು ನೋಡ್ತಾರೆ ಅಂತ ಚಾನೆಲ್‌ನೋರಿಗೆ ಹೇಗೆ ಗೊತ್ತಾಗತ್ತೆ?"

ಬಾರ್ಕ್ ಎಂಬ ಸಂಸ್ಥೆ ದೇಶದ 50,000ಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟು ಅಳೆಯುತ್ತದೆ. ನಾವು ಟಿಆರ್‌ಪಿ ಎನ್ನುವುದು ಇದನ್ನೇ. ಕಾರ್ಯಕ್ರಮದ ಧ್ವನಿಯೊಳಗೆ ಕಿವಿಗೆ ಕೇಳದ ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತದೆ. ಯಾರು ನೋಡುತ್ತಿದ್ದಾರೆ ಎಂಬುದು ತಿಳಿಯಬೇಕಾದರೆ ಮನೆಯ ಒಬ್ಬೊಬ್ಬರೂ ತಮ್ಮ ತಮ್ಮ ಗುಂಡಿ ಒತ್ತಬೇಕು. ಜಾಹೀರಾತಿಗೆ ಗಂಟೆಯಲ್ಲಿ 12 ನಿಮಿಷದ ಮಿತಿ ಇದೆ, ಆ ನಿಮಿಷಗಳ ಬೆಲೆ ಈ ಅಂಕಿಯ ಮೇಲೆ ನಿಂತಿದೆ.

ಈಗ ಅಡುಗೆಮನೆಯಿಂದ ಕೇಳಿಸಿಕೊಳ್ಳುವವರನ್ನು ನೆನೆಯಿರಿ. ಕೈಯಲ್ಲಿ ಹಿಟ್ಟು, ಗುಂಡಿ ನಡುಮನೆಯಲ್ಲಿ. ಒಲೆಯ ಮುಂದೆ ನಿಂತು ಪೂರ್ತಿ ಕಾರ್ಯಕ್ರಮ ಕೇಳಿಸಿಕೊಂಡವಳು ಗುಂಡಿ ಒತ್ತದಿದ್ದರೆ ಲೆಕ್ಕಕ್ಕಿಲ್ಲ. ಒತ್ತಿ ಕೂತು ನಿದ್ದೆ ಹೋದವರು ಲೆಕ್ಕಕ್ಕೆ ಇದ್ದಾರೆ.

"ಸ್ಟುಡಿಯೋದಲ್ಲಿ ಕೂತು ಚಪ್ಪಾಳೆ ಹೊಡೆಯೋರು ನಿಜವಾದ ಜನಾನಾ?"

ನಿಜವಾದ ಜನವೇ, ನಾನೂ ಒಮ್ಮೆ ಕೂತಿದ್ದೆ. ಯಾವ ಚಾನೆಲ್ ಎಂಬುದು ಇಲ್ಲಿ ಬೇಡ. ಮೈಸೂರಿನಿಂದ ನಸುಕಿನಲ್ಲೇ ಹೊರಟ ನಾವು ಹದಿನಾರು ಜನ. ಬಿಳಿ ಸೀರೆ ಬೇಡ, ಬಣ್ಣದ್ದು ಉಟ್ಟು ಬನ್ನಿ ಎಂದು ಮೊದಲೇ ಹೇಳಿದ್ದರು. ಅತಿಥಿಗಳು ಬರುವ ಮೊದಲೇ ನಮ್ಮ ಚಪ್ಪಾಳೆ, ನಗು, ಮರುಕದ ಮುಖ ಮೂರನ್ನೂ ಚಿತ್ರೀಕರಿಸಿಕೊಂಡರು. ಆಮೇಲೆ ಟೀವಿಯಲ್ಲಿ ನೋಡಿದರೆ, ಜಗಳ ಹೇಳಿಕೊಳ್ಳಲು ಬಂದಿದ್ದ ದಂಪತಿಯಲ್ಲಿ ಗಂಡನ ಮಾತಿಗೆ ನಾನು ತಲೆದೂಗುತ್ತಿದ್ದೇನೆ! ಆ ಮಾತು ಕೇಳಿದಾಗ ನಾನು ತಲೆದೂಗಿರಲಿಲ್ಲ.

ಅದಕ್ಕಿಂತ ನೋವಾದದ್ದು ಇನ್ನೊಂದು. ನಮ್ಮ ಅಕ್ಕ ಮೈಕು ಇಸಿದುಕೊಂಡು ಆ ಗಂಡನಿಗೆ, "ಬಾಣಂತನದ ಖರ್ಚು ಯಾರು ಕೊಟ್ರಪ್ಪ?" ಎಂದು ಕೇಳಿದ್ದರು. ಅವನು ತಡವರಿಸಿದ. ಇಡೀ ಮಧ್ಯಾಹ್ನದಲ್ಲಿ ಅಂಥ ಪ್ರಶ್ನೆ ಇನ್ನೊಂದು ಬಂದಿರಲಿಲ್ಲ. ಪ್ರಸಾರದಲ್ಲಿ ಅದು ಇರಲಿಲ್ಲ. ಅಕ್ಕ ಕೊನೆಯವರೆಗೂ ಕಾದು ಕೂತಿದ್ದರು. ಮುಗಿದಮೇಲೆ ಏನೂ ಹೇಳದೆ ಎದ್ದು ಹಾಲು ಕಾಯಿಸಲು ಹೋದರು.

"ನನ್ನ ಗಂಡನ ವಿಷಯಕ್ಕೆ ಶೋಗೆ ಬನ್ನಿ ಅಂತ ಕರೀತಿದ್ದಾರೆ. ಹೋಗ್ಲಾ?"

ತಂಗಿ, ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆ. ನೋಡುವವರು ಗಂಟೆಯಾದ ಮೇಲೆ ಚಾನೆಲ್ ಬದಲಿಸುತ್ತಾರೆ. ನೀವು ಅದೇ ಬೀದಿಗೆ ಹಿಂದಿರುಗಬೇಕು, ಮಕ್ಕಳು ಅದೇ ಸ್ಕೂಲಿಗೆ ಹೋಗಬೇಕು. ಪ್ರಸಾರವಾದದ್ದು ಯೂಟ್ಯೂಬ್‌ನಲ್ಲಿ ಉಳಿಯುತ್ತದೆ, ಮಗಳ ಮದುವೆ ಮಾತುಕತೆಯ ಹೊತ್ತಿಗೂ ಸಿಗುತ್ತದೆ. ಸಹಿ ಹಾಕಿದ ಕಾಗದದಲ್ಲಿ ಕತ್ತರಿಸುವ, ಜೋಡಿಸುವ ಅಧಿಕಾರ ಅವರಿಗೆ ಕೊಟ್ಟಿರುತ್ತೀರಿ.

ವೇದಿಕೆಯ ತೀರ್ಪಿಗೆ ಕಾನೂನಿನ ಬಲ ಇಲ್ಲ. ಜೀವನಾಂಶ, ವಿಚ್ಛೇದನ, ಮಗುವಿನ ಸುಪರ್ದು ಯಾವುದನ್ನೂ ಅಲ್ಲಿ ಕೊಡಲಾಗುವುದಿಲ್ಲ. ನಿಮಗೆ ಬೇಕಾದದ್ದು ಸಿಗುವ ಜಾಗಗಳು ಬೇರೆ ಇವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಪ್ರಾಧಿಕಾರ ಇದೆ, ಫೋನ್ 15100. ಮಹಿಳಾ ಸಹಾಯವಾಣಿ 181. ತಕ್ಷಣದ ಅಪಾಯ ಇದ್ದರೆ 112. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್, 14416. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನೀವು ಬಾಳುತ್ತಿರುವ ಮನೆಯಲ್ಲೇ ಇರುವ ಹಕ್ಕನ್ನು ಕೊಡುತ್ತದೆ, ಮನೆ ಯಾರ ಹೆಸರಿನಲ್ಲಿದ್ದರೂ.

ಇಷ್ಟಾಗಿಯೂ ಹೋಗುತ್ತೀರಾದರೆ ಮಕ್ಕಳನ್ನು ಕರೆದೊಯ್ಯಬೇಡಿ, ಫೋಟೊ ಕೊಡಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಹೊರಬೀಳದಂತೆ ಪೋಕ್ಸೋ ಕಾಯ್ದೆ ಕಾಪಾಡುತ್ತದೆ. ಕಾಗದವನ್ನು ಓದಿಸಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. ಹೋದವರನ್ನು ನಾನು ದೂರುವುದಿಲ್ಲ. "ಠಾಣೇಲಿ ಕೇಳ್ಲಿಲ್ಲ, ಊರಲ್ಲಿ ಕೇಳ್ಲಿಲ್ಲ, ಟೀವೀಲಾದ್ರೂ ಕೇಳ್ತಾರೆ ಅಂತ ಹೋದೆ" ಎಂದು ಒಬ್ಬಾಕೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ತಪ್ಪಾಗಿ ತೋರಿಸಿದ್ರೆ ಯಾರಿಗೆ ಹೇಳೋದು?"

ಮೊದಲು ಚಾನೆಲ್‌ಗೇ ಬರೆಯಿರಿ: ಕಾರ್ಯಕ್ರಮದ ಹೆಸರು, ತಾರೀಕು, ಹೊತ್ತು, ಏನು ತಪ್ಪು. 2021ರ ಜೂನ್‌ನಲ್ಲಿ ತಿದ್ದಿದ ಕೇಬಲ್ ಟೀವಿ ನಿಯಮಗಳಂತೆ 24 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಆಮೇಲಿನ 15 ದಿನದಲ್ಲಿ ಚಾನೆಲ್‌ಗಳ ಸ್ವಯಂ ನಿಯಂತ್ರಣ ಮಂಡಳಿಗೆ ಮೇಲ್ಮನವಿ ಹೋಗಬಹುದು. ಅವರಿಗೆ 60 ದಿನದ ಗಡುವು. ಅದಕ್ಕೂ ಮೇಲೆ ಕೇಂದ್ರ ಸರ್ಕಾರದ ಸಮಿತಿ. ಕನ್ನಡದಲ್ಲೇ ಬರೆಯಿರಿ.

## ಇನ್ನೂ ಒಳಗೆ

"ಮಗಳು ಕೇಳ್ತಾಳೆ, ಇದೆಲ್ಲ ಹೆಂಗಸರಿಗೆ ಅವಮಾನ, ನೀನ್ಯಾಕಮ್ಮ ನೋಡ್ತೀಯ ಅಂತ. ಏನ್ ಹೇಳ್ಲಿ?"

ಮಗಳ ಮಾತಿನಲ್ಲಿ ನಿಜವಿದೆ ಎಂದು ಮೊದಲು ಒಪ್ಪಿಕೊಳ್ಳಿ. ಕೆನ್ನೆಗೆ ಹೊಡೆಯುವುದನ್ನು ಮೂರು ಸಲ ತೋರಿಸುವುದು, 'ಹೊಂದ್ಕೊಂಡು ಹೋಗಮ್ಮ' ಎಂದು ಕೊನೆಗೆ ಹೆಣ್ಣಿಗೇ ಬುದ್ಧಿ ಹೇಳಿ ಕಳಿಸುವುದು ಅವಮಾನವೇ. ಈ ಮಾತು ಬಲ್ಲವರ ನಡುವೆಯೂ ಬಹುಕಾಲದಿಂದ ನಡೆದಿದೆ. ಮನೆಯೊಳಗೇ ಹೂತುಹೋಗುತ್ತಿದ್ದ ಸಂಗತಿಗಳು ನಾಲ್ಕು ಜನರ ಎದುರು ಚರ್ಚೆಗೆ ಬಂದವು, ಸಾಮಾನ್ಯ ಹೆಂಗಸಿನ ಅನುಭವಕ್ಕೂ ತಜ್ಞರ ಮಾತಿನಷ್ಟೇ ತೂಕ ಬಂತು ಎನ್ನುವವರು ಒಂದು ಕಡೆ. ಸಮಾಜದ ತಪ್ಪನ್ನು ಒಂದು ಮನೆಯ ಜಗಳ ಮಾಡಿ, ಅತ್ತು ಸಮಾಧಾನ ಮಾಡಿಕೊಂಡರೆ ಮುಗಿಯಿತು ಎನ್ನುವ ಹಾಗೆ ಮಾಡಿದರು ಎನ್ನುವವರು ಇನ್ನೊಂದು ಕಡೆ.

ನಾನು ಎರಡನ್ನೂ ಒಂದೇ ಸಂಜೆಯಲ್ಲಿ ಕಂಡಿದ್ದೇನೆ. ವೇದಿಕೆಯಲ್ಲಿ ನಡೆಯುವುದು ಬಹುಪಾಲು ನಿಮ್ಮ ಮಗಳು ಹೇಳುವ ಹಾಗೆಯೇ. ನಡುಮನೆಯಲ್ಲಿ ನಡೆಯುವುದು ಬೇರೆ. ಆದ್ದರಿಂದ ಮಗಳಿಗೆ ಉತ್ತರ ಹೇಳುವ ಬದಲು ಒಂದು ದಿನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಟೀವಿ ನೋಡಬೇಡ, ನಿನ್ನ ಅಜ್ಜಿ ಏನನ್ನುತ್ತಾರೆ ಕೇಳಿಸಿಕೋ ಎನ್ನಿ.

"ಈಗ ಎಲ್ರೂ ಮೊಬೈಲಲ್ಲೇ ತುಣುಕು ನೋಡ್ತಾರಲ್ಲ, ಏನಾದ್ರೂ ವ್ಯತ್ಯಾಸ ಆಗಿದ್ಯಾ?"

ಬಹಳ. ಒಂದು ಗಂಟೆಯ ಮಾತಿನಲ್ಲಿ ಅತ್ತದ್ದು, ಬೈದದ್ದು ಮಾತ್ರ ಒಂದು ನಿಮಿಷಕ್ಕೆ ಇಳಿದು ಬರುತ್ತದೆ. ಯಾಕೆ ಅತ್ತಳು ಎಂಬುದು ಹೊರಗೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಯರ್‌ಫೋನ್ ಹಾಕಿ ನೋಡಿದರೆ ಪಕ್ಕದವರಿಗೆ ನಿಮ್ಮ ತೀರ್ಪು ಕೇಳಿಸುವುದಿಲ್ಲ. ಗಾರ್ಮೆಂಟ್ಸ್ ಬಸ್ಸಿನಲ್ಲಿ ಮಾತ್ರ ಬೇರೆ ದೃಶ್ಯ ಕಂಡಿದ್ದೇನೆ: ಒಂದು ಫೋನ್, ಒಂದು ಇಯರ್‌ಫೋನಿನ ಎರಡು ತುದಿ ಇಬ್ಬರ ಕಿವಿಯಲ್ಲಿ, ಹಿಂದಿನ ಸೀಟಿನವಳು ಬಗ್ಗಿ "ಏನಂತೆ, ಏನಂತೆ" ಎಂದು ಕೇಳುತ್ತಿದ್ದಾಳೆ.

"ನಮ್ಮ ಸಂಘದೋರು ಸೇರಿ ನೋಡಿ ಮಾತಾಡ್ಬೇಕು ಅಂತಿದ್ದೀವಿ. ಹೇಗೆ ಶುರು ಮಾಡೋದು?"

ಡೈರಿಗೆ ಹಾಲು ಹಾಕಿ ಬಂದಮೇಲಿನ ಹೊತ್ತು ಇಟ್ಟುಕೊಳ್ಳಿ, ಹತ್ತು ಜನಕ್ಕಿಂತ ಹೆಚ್ಚು ಬೇಡ. ಎರಡೂ ಕಡೆಯ ಮಾತು ಕೇಳಿ. ನಡೆಸಿಕೊಡುವವರು ತೀರ್ಪು ಹೇಳಲು ಬಾಯಿ ತೆರೆದ ಕ್ಷಣ ರಿಮೋಟಿನಲ್ಲಿ ದನಿ ನಿಲ್ಲಿಸಿ. ಒಬ್ಬೊಬ್ಬರೂ ತಮ್ಮ ತೀರ್ಪು ಹೇಳಲಿ, ಚಿಕ್ಕವರಿಂದ ಶುರುವಾಗಲಿ. ಹಿರಿಯರು ಮೊದಲು ಹೇಳಿದರೆ ಸೊಸೆಯಂದಿರು ಬಾಯಿ ಬಿಡುವುದಿಲ್ಲ. ತಮ್ಮ ಮನೆಯ ಮಾತು ಆಡಲೇಬೇಕೆಂದು ಯಾರನ್ನೂ ಒತ್ತಾಯಿಸಬೇಡಿ, ಆಡಿದ್ದು ಹೊರಗೆ ಹೋಗಬಾರದು. ವೇದಿಕೆಯ ಮೇಲಿದ್ದ ಹೆಂಗಸಿನ ರೂಪ, ಬಣ್ಣ, ಸೀರೆಯ ಬಗ್ಗೆ ಮಾತು ಬೇಡ. ಆಮೇಲೆ ದನಿ ಹಾಕಿ.

ಒಂದು ನೋಟ್‌ಬುಕ್ ಇಡಿ. ಅವರು ಕೇಳದೆ ಬಿಟ್ಟ ಪ್ರಶ್ನೆಗಳನ್ನು ಅದರಲ್ಲಿ ಬರೆದುಕೊಳ್ಳಿ. ಪಾಂಡವಪುರದ ಕಡೆಯ ಒಂದು ಸಂಘದಲ್ಲಿ ಹಾಗೆ ಬರೆದ ಪುಸ್ತಕ ಇದೆ. ನಾನು ನೋಡಿದಾಗ ನಲವತ್ತು ಪುಟ ತುಂಬಿತ್ತು. ಮೊದಲ ಪುಟದ ಮೊದಲ ಸಾಲು: 'ಅವಳ ಒಡವೆ ಎಲ್ಲಿ?'